ವಿಕ್ರೋಳಿಯ ಸೈಕಲ್ ಸವಾರನೂ ಹೆಲ್ಮೆಟ್ಟಿನ ಲೆಕ್ಕವೂ

ಸೈಕಲ್ ಸವಾರ ಬಿದ್ದಾಗ ಹೆಲ್ಮೆಟ್ ಅವನ ತಲೆಯನ್ನು ಕಾಯುತ್ತದೆಯೇ ಎಂಬ ಪ್ರಶ್ನೆಗೆ ವೈದ್ಯಕೀಯ ಸಾಹಿತ್ಯದಲ್ಲಿ ಮೂರೂವರೆ ದಶಕದಿಂದ ಉತ್ತರಗಳು ಬರುತ್ತಲೇ ಇವೆ. ಹೆಚ್ಚಿನವು ‘ಕಾಯುತ್ತದೆ’ ಎಂದೇ ಹೇಳುತ್ತವೆ. ಆದರೆ ಈ ಉತ್ತರಗಳೆಲ್ಲ ಹುಟ್ಟಿದ್ದು ಅಮೆರಿಕ, ಆಸ್ಟ್ರೇಲಿಯಾ, ಯೂರೋಪುಗಳ ರಸ್ತೆಗಳಲ್ಲಿ. ಮುಂಬಯಿಯ ಪೂರ್ವ ಉಪನಗರವಾದ ವಿಕ್ರೋಳಿಗೆ ಅವನ್ನು ತಂದಾಗ ಎಷ್ಟು ಉಳಿಯುತ್ತದೆ, ಎಷ್ಟು ಸೋರಿಹೋಗುತ್ತದೆ ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಯೋಗಾಲಯದಲ್ಲಿ ಹೆಲ್ಮೆಟ್ಟನ್ನು ಯಾವ ಬಗೆಯ ಬೀಳುವಿಕೆಗೆ ಪರೀಕ್ಷಿಸುತ್ತಾರೋ ಆ ಬಗೆಯಲ್ಲಿ ಬೀಳುವವರು ವಿಕ್ರೋಳಿಯಲ್ಲಿ ಹೆಲ್ಮೆಟ್ ಹಾಕುವುದಿಲ್ಲ. ಹಾಕುವವರನ್ನು ಕಾಡುವ ಅಪಘಾತ ಆ ಪರೀಕ್ಷೆಯ ವ್ಯಾಪ್ತಿಗೇ ಬರುವುದಿಲ್ಲ.

ಇಲ್ಲಿ ಸೈಕಲ್ ತುಳಿಯುವವರು ಯಾರು ಎಂಬುದರಿಂದ ತೊಡಗಬೇಕು. ಬೆಳಗಿನ ಜಾವ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಠಾಣೆಯ ಕಡೆಗೋ ಐರೋಳಿ ಸೇತುವೆಯ ಕಡೆಗೋ ಸಾಲಾಗಿ ಹೋಗುವ ವ್ಯಾಯಾಮದ ಸವಾರರು ಒಂದು ಗುಂಪು. ಗೇರಿನ ಸೈಕಲ್, ಹಿಂದೆ ಮಿನುಗುವ ಕೆಂಪು ದೀಪ, ತಲೆಗೆ ಹೆಲ್ಮೆಟ್. ಅದೇ ಹೊತ್ತಿಗೆ ಕನ್ನಮ್ವಾರ್ ನಗರ, ಟಾಗೋರ್ ನಗರ, ಪಾರ್ಕ್‌ಸೈಟಿನ ಗಲ್ಲಿಗಳಲ್ಲಿ ಇನ್ನೊಂದು ಗುಂಪು ಓಡಾಡುತ್ತಿರುತ್ತದೆ: ಲಾದಿ ಪಾವಿನ ಬುಟ್ಟಿಗೆ ಪ್ಲಾಸ್ಟಿಕ್ ಹೊದಿಸಿ ತರುವ ಪಾವ್‌ವಾಲಾ, ಪಾಳಿ ಮುಗಿಸಿದ ಕಾವಲುಗಾರ, ಫ್ಲಾಸ್ಕಿನ ಚಹಾದವನು, ರಬ್ಬರ್ ಹಾರ್ನ್ ಒತ್ತುತ್ತ ಬರುವ ಇಡ್ಲಿಯವನು. ಇಡ್ಲಿಯವನ ಸೈಕಲ್ಲನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಹಿಂದಿನ ಕ್ಯಾರಿಯರಿನಲ್ಲಿ ಇಡ್ಲಿ ತುಂಬಿದ ದೊಡ್ಡ ಪಾತ್ರೆ, ಹ್ಯಾಂಡಲಿನ ಎರಡೂ ಬದಿಗೆ ಚಟ್ನಿ ಸಾಂಬಾರಿನ ಡಬ್ಬಿ. ಸಾಂಬಾರು ತುಳುಕಿದಂತೆ ಹ್ಯಾಂಡಲೂ ಓಲಾಡುತ್ತದೆ. ಅವನ ವೇಗ ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ದಾಟುವುದು ಅಪರೂಪ. ಪೇವರ್ ಬ್ಲಾಕುಗಳ ಸಂದಿಗೋ ಚರಂಡಿಯ ಕಬ್ಬಿಣದ ಜಾಲರಿಗೋ ಮುಂದಿನ ಚಕ್ರ ಸಿಕ್ಕರೆ ಅವನು ಪಕ್ಕಕ್ಕೆ ವಾಲಿ, ಕೈ ಊರಲು ಬಿಡುವಿಲ್ಲದೆ, ಭುಜ ಮತ್ತು ತಲೆಯ ಮೇಲೆ ಬೀಳುತ್ತಾನೆ.

ಈ ಬೀಳುವಿಕೆಯ ಚಿತ್ರಕ್ಕೂ ಪರೀಕ್ಷಾ ಮಾನದಂಡಕ್ಕೂ ಇರುವ ಹೊಂದಿಕೆ ಕುತೂಹಲದ್ದು. ಯೂರೋಪಿನ ಇಎನ್ 1078 ಮಾನದಂಡದಲ್ಲಿ ಕೃತಕ ತಲೆಗೆ ಹೆಲ್ಮೆಟ್ ತೊಡಿಸಿ ಸಪಾಟು ಉಕ್ಕಿನ ಮೇಲೆ ಸೆಕೆಂಡಿಗೆ 5.42 ಮೀಟರ್ ವೇಗದಲ್ಲಿ, ರಸ್ತೆಯಂಚಿನ ಕಲ್ಲಿನಾಕಾರದ ಅಂಚಿನ ಮೇಲೆ 4.57 ಮೀಟರ್ ವೇಗದಲ್ಲಿ ಬೀಳಿಸುತ್ತಾರೆ. ತಲೆಗೆ ತಗಲುವ ವೇಗೋತ್ಕರ್ಷ 250 ಜಿ, ಅಂದರೆ ಗುರುತ್ವದ 250 ಪಟ್ಟು, ಮೀರಬಾರದು. ಅಮೆರಿಕದಲ್ಲಿ 1999ರಿಂದ ಜಾರಿಯಲ್ಲಿರುವ ನಿಯಮ ಸಪಾಟು ಮೇಲ್ಮೈಗೆ ಸುಮಾರು 6.2 ಮೀಟರ್ ವೇಗವನ್ನೂ 300 ಜಿ ಮಿತಿಯನ್ನೂ ಇಟ್ಟಿದೆ. 5.42 ಮೀಟರ್ ಎಂದರೆ ಗಂಟೆಗೆ ಹತ್ತಿರಹತ್ತಿರ 19.5 ಕಿಲೋಮೀಟರ್. ಒಂದೂವರೆ ಮೀಟರ್ ಎತ್ತರದಿಂದ ಕೈಬಿಟ್ಟ ವಸ್ತು ನೆಲ ಮುಟ್ಟುವಾಗ ಪಡೆಯುವ ವೇಗ ಅದು. ಸೈಕಲ್ ಮೇಲೆ ಕೂತವನ ತಲೆ ನೆಲದಿಂದ ಇರುವ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಮಾನದಂಡ ಬರೆದವರ ಕಣ್ಣಮುಂದೆ ಇದ್ದದ್ದು ಬೇರೆ ವಾಹನದ ಸಂಬಂಧವಿಲ್ಲದೆ ಸವಾರ ತಾನಾಗಿ ಬೀಳುವ ಘಟನೆ.

ಒಳಗಿರುವ ಸಾಮಗ್ರಿ ನಮಗೆ ಪರಿಚಿತವೇ. ಗಣಪತಿಯ ಮಂಟಪಕ್ಕೆ ಮುಂಬಯಿಯ ಮನೆಮನೆಯಲ್ಲಿ ಕತ್ತರಿಸುತ್ತಿದ್ದ, ಮಹಾರಾಷ್ಟ್ರ ಸರ್ಕಾರ 2018ರಲ್ಲಿ ಅಲಂಕಾರಕ್ಕೆ ನಿಷೇಧಿಸಿದ ಥರ್ಮಾಕೋಲಿನ ಜಾತಿಯದು; ಸಾಂದ್ರತೆ ಮಾತ್ರ ಹೆಚ್ಚು. ಅದು ಪುಟಿಯುವುದಿಲ್ಲ, ಜಜ್ಜಿಹೋಗುತ್ತದೆ. ಜಜ್ಜಿಹೋಗುವುದೇ ಅದರ ಕೆಲಸ. ಬರಿದಲೆ ಕಾಂಕ್ರೀಟಿಗೆ ಬಡಿದಾಗ ನೆತ್ತಿಯ ಚರ್ಮ ಎರಡು ಮಿಲಿಮೀಟರಿನಷ್ಟು ಅಮುಕಿ ತಲೆ ನಿಂತಿತೆಂದುಕೊಳ್ಳೋಣ. 5.42 ಮೀಟರ್ ವೇಗದ ತಲೆಗೆ ಆಗ ಸರಾಸರಿ 750 ಜಿಯಷ್ಟು ಪೆಟ್ಟು. ಅದೇ ತಲೆ 20 ಮಿಲಿಮೀಟರ್ ಥರ್ಮಾಕೋಲನ್ನು ಜಜ್ಜುತ್ತ ನಿಂತರೆ ಸರಾಸರಿ 75 ಜಿ. ನಿಜವಾದ ಪೆಟ್ಟಿನಲ್ಲಿ ಏರಿಳಿತವಿರುವುದರಿಂದ ಗರಿಷ್ಠ ಮೌಲ್ಯ ಇದಕ್ಕಿಂತ ಮೇಲಿರುತ್ತದೆ, ಆದರೆ ಹತ್ತು ಪಟ್ಟಿನ ಅಂತರ ಎಲ್ಲಿಂದ ಬಂತೆಂಬುದು ಸ್ಪಷ್ಟ. ತಡೆಯಬೇಕಾದ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 50 ಕಿಲೋಮೀಟರಿನಲ್ಲಿ ಬಂದ ಕಾರಿನ ಗಾಜಿಗೋ ಕಂಬಕ್ಕೋ ತಲೆ ಅಷ್ಟೇ ವೇಗದಲ್ಲಿ ಬಡಿದರೆ ಆ ಶಕ್ತಿ ಪರೀಕ್ಷೆಯದಕ್ಕಿಂತ ಆರೂವರೆ ಪಟ್ಟು. ಥರ್ಮಾಕೋಲ್ ಪೂರ್ತಿ ಜಜ್ಜಿ ಮುಗಿದ ಮೇಲೆ ಉಳಿದದ್ದನ್ನು ಬುರುಡೆಯೇ ತಾಳಿಕೊಳ್ಳಬೇಕು. ಹೈವೇಯಲ್ಲಿ ಗಂಟೆಗೆ 35ರ ವೇಗದಲ್ಲಿ ಹೋಗುವವ ತಾನಾಗಿ ಬಿದ್ದರೆ ಲೆಕ್ಕ ಬೇರೆ. ಆಗಲೂ ತಲೆ ನೆಲಕ್ಕೆ ಲಂಬವಾಗಿ ಬಡಿಯುವ ವೇಗ ಬಹುಮಟ್ಟಿಗೆ ಎತ್ತರದಿಂದಲೇ ಬರುತ್ತದೆ, ಮುನ್ನುಗ್ಗುವ ವೇಗ ಉಜ್ಜುವಿಕೆಯಲ್ಲಿ ಕರಗುತ್ತದೆ. ವೇಗದ ಸವಾರನಿಗೆ ಹೆಲ್ಮೆಟ್ ನಿಷ್ಪ್ರಯೋಜಕ ಎನ್ನುವವರು ಇದನ್ನು ಮರೆಯುತ್ತಾರೆ.

ಉಜ್ಜುವಿಕೆಗೆ ಇನ್ನೊಂದು ಮುಖವಿದೆ. ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್ಬರ್ನ್ 1943ರಲ್ಲೇ ವಾದಿಸಿದಂತೆ, ಮಿದುಳಿಗೆ ಹೆಚ್ಚು ಹಾನಿ ಮಾಡುವುದು ತಲೆ ಗಕ್ಕನೆ ತಿರುಗುವಾಗಿನ ಸೆಳೆತ. ಓರೆಯಾಗಿ ನೆಲ ಮುಟ್ಟಿದ ತಲೆ ತಿರುಚಿಕೊಳ್ಳುತ್ತದೆ. ಮೇಲೆ ಹೇಳಿದ ಎರಡೂ ಮಾನದಂಡಗಳು ಇದನ್ನು ಅಳೆಯುವುದಿಲ್ಲ. ಸ್ಟಾಕ್‌ಹೋಮಿನಲ್ಲಿ ಹ್ಯಾನ್ಸ್ ಫಾನ್ ಹೋಲ್ಸ್ಟ್ ಮತ್ತು ಪೀಟರ್ ಹಾಲ್ಡಿನ್ ರೂಪಿಸಿದ, ಹೆಲ್ಮೆಟ್ಟಿನೊಳಗೆ ತುಸು ಜಾರುವ ಪದರದ ತಂತ್ರ ಬಂದದ್ದು ಈ ಕೊರತೆಯನ್ನು ತುಂಬಲು.

ಪ್ರಯೋಗಾಲಯದಿಂದ ಆಸ್ಪತ್ರೆಗೆ ಬಂದರೆ ಮೊದಲು ಎದುರಾಗುವುದು 1989ರ ಸಿಯಾಟಲ್ ಅಧ್ಯಯನ. ಥಾಮ್ಸನ್, ರಿವಾರಾ ಮತ್ತು ಥಾಮ್ಸನ್ ತಲೆಪೆಟ್ಟಿನಿಂದ ಬಂದ 235 ಸೈಕಲ್ ಸವಾರರನ್ನು, ದೇಹದ ಬೇರೆಡೆ ಪೆಟ್ಟಾಗಿ ಬಂದ 433 ಮಂದಿಯೊಡನೆ ಹೋಲಿಸಿದರು. ಮೊದಲ ಗುಂಪಿನಲ್ಲಿ ಹೆಲ್ಮೆಟ್ ಹಾಕಿದ್ದವರು ಶೇ 7, ಎರಡನೆಯದರಲ್ಲಿ ಶೇ 24. ವಯಸ್ಸು, ಆದಾಯ ಮುಂತಾದವನ್ನು ಸರಿಹೊಂದಿಸಿದ ಮೇಲೆ ತಲೆಪೆಟ್ಟಿನ ಅಪಾಯ ಶೇ 85 ಕಡಿಮೆ ಎಂಬ ಉತ್ತರ ಬಂತು. ಜಗತ್ತಿನ ಪ್ರಚಾರ ಫಲಕಗಳಿಗೆಲ್ಲ ಏರಿದ್ದು ಈ 85. ಸರಿಹೊಂದಿಸದ ಕಚ್ಚಾ ಅಂಕಿಗಳಿಂದ ನಾವೇ ಲೆಕ್ಕ ಹಾಕಿದರೆ ಸುಮಾರು ಶೇ 76 ಬರುತ್ತದೆ, ಅದೂ ಸಣ್ಣದಲ್ಲ. ಆದರೆ ಹೆಲ್ಮೆಟ್ ಹಾಕುವವನು ಬೇರೆ ವಿಷಯಗಳಲ್ಲೂ ಹಾಕದವನಂತಿರುವುದಿಲ್ಲ. ಅವನು ಸಂಜೆ ದೀಪ ಹಚ್ಚುತ್ತಾನೆ, ಕುಡಿದು ತುಳಿಯುವುದಿಲ್ಲ, ಬೇರೆ ರಸ್ತೆ ಆರಿಸುತ್ತಾನೆ. ಈ ಭೇದವನ್ನು ಅಂಕಿಅಂಶದ ಸೂತ್ರ ಪೂರ್ತಿ ತೊಳೆದು ತೆಗೆಯುತ್ತದೆಂದು ನಂಬಲು ನನಗೆ ಕಷ್ಟ.

ಮುಂದಿನ ಸಂಕಲಿತ ವಿಶ್ಲೇಷಣೆಗಳು 85ನ್ನು ಇಳಿಸಿದವು. ನಾರ್ವೆಯ ಎಲ್ವಿಕ್ 2011ರಲ್ಲಿ ಹಳೆಯ ದತ್ತಾಂಶವನ್ನು ಮತ್ತೆ ತಡಕಿ, ಅನುಕೂಲಕರ ಫಲಿತಾಂಶಗಳೇ ಹೆಚ್ಚು ಅಚ್ಚಾಗುವ ಪ್ರವೃತ್ತಿಯನ್ನು ತೋರಿಸಿದರು. ಆಲಿವಿಯರ್ ಮತ್ತು ಕ್ರೈಟನ್ 2017ರಲ್ಲಿ 40 ಅಧ್ಯಯನಗಳ, 64,000ಕ್ಕೂ ಮೀರಿದ ಗಾಯಾಳುಗಳ ದತ್ತಾಂಶ ಕೂಡಿಸಿದಾಗ ತಲೆಪೆಟ್ಟಿನ ಸಂಭವ ಶೇ 51, ಗಂಭೀರ ತಲೆಪೆಟ್ಟಿನದು ಶೇ 69, ಮಾರಣಾಂತಿಕ ತಲೆಪೆಟ್ಟಿನದು ಶೇ 65 ಕಡಿಮೆ ಕಂಡಿತು. ನಾರ್ವೆಯವರೇ ಆದ ಹೊಯ್ಯೆ 2018ರಲ್ಲಿ ತಲೆಪೆಟ್ಟಿಗೆ ಶೇ 48, ಗಂಭೀರ ತಲೆಪೆಟ್ಟಿಗೆ ಶೇ 60 ಎಂದರು. ಕತ್ತಿನ ಗಾಯದ ವಿಷಯದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅವರ ಇನ್ನೆರಡು ಮಾತು ನಮಗೆ ಮುಖ್ಯ. ಸತ್ತವರು ಮತ್ತು ಗಂಭೀರ ಗಾಯಗೊಂಡವರ ಒಟ್ಟು ಸಂಖ್ಯೆಯಲ್ಲಿ ಇಳಿಕೆ ಶೇ 34 ಮಾತ್ರ, ಏಕೆಂದರೆ ಸೈಕಲ್ ಸವಾರ ಸಾಯುವುದು ತಲೆಪೆಟ್ಟಿನಿಂದಷ್ಟೇ ಅಲ್ಲ. ಮತ್ತು ಹೆಲ್ಮೆಟ್ಟಿನ ಪ್ರಯೋಜನ ಮೋಟಾರು ವಾಹನದೊಡನೆ ಡಿಕ್ಕಿಯಾದಾಗಿನದಕ್ಕಿಂತ ಸವಾರ ತಾನಾಗಿ ಬಿದ್ದಾಗ ಹೆಚ್ಚಿರುವ ಸಂಭವವಿದೆ.

ಈ ಎರಡನೆಯ ಮಾತನ್ನು ಹಿಡಿದು ಒಂದು ಕಲ್ಪಿತ ಲೆಕ್ಕ ಮಾಡೋಣ. ನೆಲಕ್ಕೆ ಬಿದ್ದಾಗಿನ ತಲೆಪೆಟ್ಟಿನ ಸಾವುಗಳಲ್ಲಿ ನೂರಕ್ಕೆ 75ನ್ನು ಹೆಲ್ಮೆಟ್ ತಪ್ಪಿಸುತ್ತದೆ, ಭಾರೀ ವಾಹನದ ಚಕ್ರದಡಿ ಸಿಕ್ಕಾಗ ಒಂದನ್ನೂ ತಪ್ಪಿಸುವುದಿಲ್ಲ ಎಂದಿಟ್ಟುಕೊಳ್ಳಿ. ಈ ಎರಡು ಬಗೆಗಳು 85ಕ್ಕೆ 15ರಂತೆ ಬೆರೆತಿರುವ ಊರಿನಲ್ಲಿ ಅಧ್ಯಯನ ನಡೆದರೆ ಉತ್ತರ ಶೇ 64 ಬರುತ್ತದೆ. 50ಕ್ಕೆ 50ರಂತೆ ಬೆರೆತ ಊರಿನಲ್ಲಿ ಅದೇ ಹೆಲ್ಮೆಟ್, ಅದೇ ತಲೆ, ಉತ್ತರ ಮಾತ್ರ ಶೇ 37.5. ವಿಕ್ರೋಳಿಯ ಎಲ್‌ಬಿಎಸ್ ಮಾರ್ಗದಲ್ಲಿ ಬಸ್ಸು, ಟೆಂಪೊ, ರಿಕ್ಷಾಗಳ ನಡುವೆ ಮೊಣಕೈ ಅಂತರದಲ್ಲಿ ಸಾಗುವ ಸೈಕಲ್ಲು ಯಾವ ಮಿಶ್ರಣಕ್ಕೆ ಹತ್ತಿರ ಎಂದು ವಿವರಿಸಬೇಕಿಲ್ಲ.

ವಿಕ್ರೋಳಿಯಿಂದ ದೂರವಲ್ಲದ ಒಂದು ದುರಂತ ಈ ಮಿಶ್ರಣದ ಇನ್ನೊಂದು ತುದಿಯನ್ನು ತೋರಿಸುತ್ತದೆ. ಇಂಟೆಲ್‌ನ ಪ್ರಸಿದ್ಧ ಚಿಪ್‌ಗಳ ವಿನ್ಯಾಸದಲ್ಲಿ ಪಾಲುಗೊಂಡಿದ್ದ, ಚೆಂಬೂರಿನ ನಿವಾಸಿ ಅವತಾರ್ ಸೈನಿ 2024ರ ಫೆಬ್ರುವರಿ 28ರ ಬೆಳಗಿನ ಜಾವ ಗೆಳೆಯರೊಡನೆ ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದರು. ವೇಗವಾಗಿ ಬಂದ ಟ್ಯಾಕ್ಸಿ ಹಿಂದಿನಿಂದ ಗುದ್ದಿತು. ಸೈಕಲ್ಲಿನ ಚೌಕಟ್ಟು ಅದರ ಮುಂದಿನ ಚಕ್ರಗಳಡಿ ಸಿಕ್ಕಿಕೊಂಡಿತು. ಇಂಥ ಹೊಡೆತವನ್ನು ಯಾವ ಮಾನದಂಡದ ಪರೀಕ್ಷಾ ಗೋಪುರವೂ ಅನುಕರಿಸುವುದಿಲ್ಲ. ಹೈವೇಯ ವ್ಯಾಯಾಮ ಸವಾರರ ಭಯವೂ ಇದೇ, ಹಿಂದಿನಿಂದ ಬರುವ ವಾಹನದ್ದು. ಅದಕ್ಕೆ ಉತ್ತರ ಇರುವುದು ವಾಹನದ ವೇಗಮಿತಿಯಲ್ಲಿ ಮತ್ತು ಪ್ರತ್ಯೇಕ ದಾರಿಯಲ್ಲಿ. ದಾರಿಯ ಚರಿತ್ರೆ ಮುಂಬಯಿಯಲ್ಲಿ ಉತ್ಸಾಹ ತರುವಂಥದ್ದಲ್ಲ. ತಾನ್ಸಾ ನೀರಿನ ಕೊಳವೆಯ ಪಕ್ಕ ಮುಲುಂಡಿನಿಂದ ಸಾಯನ್ ಕಡೆಗೆ 39 ಕಿಲೋಮೀಟರ್ ಸೈಕಲ್ ಪಥದ ಯೋಜನೆಯನ್ನು ಪಾಲಿಕೆ ಸಾರಿತ್ತು. ವಿಕ್ರೋಳಿಯ ನೆರೆಯ ಪವಯಿ ಕೆರೆಯ ಸುತ್ತಲಿನ ಪಥವನ್ನು ಬಾಂಬೆ ಹೈಕೋರ್ಟು 2022ರ ಮೇ ತಿಂಗಳಲ್ಲಿ ಕಾನೂನುಬಾಹಿರವೆಂದು ಹೇಳಿ ತೆಗೆಸಿತು. ಕೆರೆಯ ದೃಷ್ಟಿಯಿಂದ ಆ ತೀರ್ಪು ಸರಿಯಾದದ್ದೇ. ಪಥ ಬೇಕಿದ್ದದ್ದು ರಸ್ತೆಯಲ್ಲಿ, ನೀರಿನಲ್ಲಲ್ಲ.

ಹೆಲ್ಮೆಟ್ ಹಾಕಿದವನು ತಾನೇ ಹೆಚ್ಚು ಧೈರ್ಯ ಮಾಡುತ್ತಾನೆ, ಚಾಲಕರೂ ಅವನ ಹತ್ತಿರಕ್ಕೆ ಬರುತ್ತಾರೆ ಎಂಬ ಆಕ್ಷೇಪವನ್ನು ಚುಟುಕಾಗಿ ಮುಗಿಸಬಹುದು. ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ 2007ರಲ್ಲಿ ಹೆಲ್ಮೆಟ್ ಧರಿಸಿದಾಗ ವಾಹನಗಳು ಸರಾಸರಿ 8.5 ಸೆಂಟಿಮೀಟರ್ ಹತ್ತಿರದಿಂದ ಹಾದವು ಎಂದು ಬರೆದರು. ಅದೇ ದತ್ತಾಂಶವನ್ನು 2013ರಲ್ಲಿ ಮರುಪರಿಶೀಲಿಸಿದವರು, ಒಂದು ಮೀಟರಿಗಿಂತ ಹತ್ತಿರ ಬರುವ ಅಪಾಯಕರ ಹಾಯುವಿಕೆಯಲ್ಲಿ ಅಂಥ ಸಂಬಂಧ ಕಾಣಲಿಲ್ಲ ಎಂದರು. ಸರಾಸರಿಯೇ ಒಂದು ಮೀಟರಿನ ಒಳಗಿರುವ ನಮ್ಮ ರಸ್ತೆಯಲ್ಲಿ ಈ ಚರ್ಚೆಗೆ ಜಾಗ ಕಡಿಮೆ.

ಕಡ್ಡಾಯದ ಪ್ರಶ್ನೆಯನ್ನು ಅಷ್ಟು ಹಗುರವಾಗಿ ಬಿಡಲಾಗದು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರ ಜುಲೈಯಲ್ಲಿ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿದಾಗ ಬಳಕೆ ಒಂದೇ ವರ್ಷದಲ್ಲಿ ಶೇ 31ರಿಂದ 75ಕ್ಕೆ ಏರಿತು. ಆದರೆ ಸೈಕಲ್ ತುಳಿಯುವವರೇ, ಅದರಲ್ಲೂ ಹದಿಹರೆಯದವರು, ಕಡಿಮೆಯಾದರೆಂಬ ವಿವಾದ ಇನ್ನೂ ತಣ್ಣಗಾಗಿಲ್ಲ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟ್ ಕಡ್ಡಾಯ ಮಾಡುವುದು ಮೋಟಾರ್ ಸೈಕಲ್ಲಿಗೆ. 2021ರ ಜೂನ್ 1ರಿಂದ ಐಎಸ್‌ಐ ಗುರುತು ಕಡ್ಡಾಯವಾದದ್ದೂ ಅದರ ಹೆಲ್ಮೆಟ್ಟಿಗೇ. ತುಳಿಯುವ ಸೈಕಲ್ ಇದರ ಹೊರಗಿದೆ, ಹಾಗೇ ಇರುವುದು ಲೇಸೆಂದು ನನ್ನ ಅಭಿಪ್ರಾಯ. ದಿನಕ್ಕೆ ಐದಾರು ನೂರು ಸಂಪಾದಿಸುವ ಪಾವ್‌ವಾಲಾನಿಗೆ ಸಾವಿರ ರೂಪಾಯಿಯ ದಂಡ ರಸ್ತೆಸುರಕ್ಷೆಯ ಹೆಸರಿನ ಹಫ್ತಾ ಆಗಿಬಿಡುತ್ತದೆ. ಡಬ್ಬಾವಾಲಾನ ಪಾಡು ಇನ್ನೂ ಬೇರೆ. ರೈಲಿನಿಂದ ಇಳಿಸಿದ ಡಬ್ಬಿಗಳ ಉದ್ದನೆಯ ಹಲಗೆಯನ್ನು ಅವನು ತಲೆಯ ಮೇಲೆ ಹೊರುತ್ತಾನೆ, ಸ್ವಲ್ಪ ಹೊತ್ತಿನಲ್ಲೇ ಸೈಕಲ್ ಹತ್ತುತ್ತಾನೆ. ಬಿಳಿ ಟೋಪಿ ಎರಡಕ್ಕೂ ಒದಗುತ್ತದೆ. ಹೆಲ್ಮೆಟ್ ಒದಗಬೇಕಾದರೆ ಹ್ಯಾಂಡಲಿಗೆ ಸಿಕ್ಕಿಸಿಡಬೇಕು, ಅಲ್ಲಿ ಆಗಲೇ ಡಬ್ಬಿಗಳು ನೇತಾಡುತ್ತಿರುತ್ತವೆ.

ಈ ನಡುವೆ ಮೂರನೆಯ ಗುಂಪೊಂದು ಬೆಳೆದಿದೆ. ಮೋಟಾರಿನ ಶಕ್ತಿ 250 ವಾಟ್ ಮೀರದ, ವೇಗ ಗಂಟೆಗೆ 25 ಕಿಲೋಮೀಟರಿನೊಳಗಿನ ಬ್ಯಾಟರಿ ಗಾಡಿಗಳು ಕಾಯ್ದೆಯ ಕಣ್ಣಿನಲ್ಲಿ ಮೋಟಾರು ವಾಹನಗಳಲ್ಲ. ನೋಂದಣಿಯೂ ಬೇಡ, ಹೆಲ್ಮೆಟ್ಟೂ ಬೇಡ. ಪವಯಿ, ವಿಕ್ರೋಳಿಯ ಗೋಪುರಗಳಿಗೆ ಊಟ, ದಿನಸಿ ಮುಟ್ಟಿಸುವ ಹುಡುಗರು ಇವುಗಳ ಮೇಲೆ ಓಡಾಡುತ್ತಾರೆ. ಅವರು ಬೀಳುವ ವೇಗ ಸೈಕಲ್ ಹೆಲ್ಮೆಟ್ಟಿನ ಪರೀಕ್ಷಾ ವೇಗದ ಆಸುಪಾಸಿನದೇ, ಮತ್ತು ಅವರಿಗೆ ಕೆಲಸ ಕೊಡುವವರು ಕಂಪನಿಗಳು. ಕಾನೂನಿನ ಒತ್ತಾಯ ಹಾಕುವುದಿದ್ದರೆ ಮೊದಲು ಇಲ್ಲಿ, ಸವಾರನ ಮೇಲಲ್ಲ, ಕೊಳ್ಳಬಲ್ಲ ಕಂಪನಿಯ ಮೇಲೆ.

ಸ್ಥಳೀಯ ದತ್ತಾಂಶವಿಲ್ಲದೆ ಮೇಲಿನ ಮಿಶ್ರಣದ ಲೆಕ್ಕ ಕಲ್ಪನೆಯಾಗಿಯೇ ಉಳಿಯುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿ 2022ರಲ್ಲಿ ರಸ್ತೆಯಲ್ಲಿ ಸತ್ತವರನ್ನು 1,68,491 ಎಂದೂ ಅವರಲ್ಲಿ ಹೆಲ್ಮೆಟ್ ಇಲ್ಲದ ಮೋಟಾರು ದ್ವಿಚಕ್ರಿಗಳನ್ನು 50,029 ಎಂದೂ ಎಣಿಸುತ್ತದೆ. ಸೈಕಲ್ ಸವಾರನ ತಲೆಯ ಮೇಲೆ ಏನಿತ್ತೆಂಬ ಕಾಲಮ್ಮು ಅದರಲ್ಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಜಿ. ಗುರುರಾಜ್ ಅವರ ತಂಡ ಮಿದುಳು ಗಾಯದ ರೋಗಿಗಳನ್ನು ಆಸ್ಪತ್ರೆಯ ಬಾಗಿಲಲ್ಲೇ ದಾಖಲಿಸಿ ಕಟ್ಟಿದ ಅಧ್ಯಯನಗಳು ಇದಕ್ಕೆ ಸಿದ್ಧ ಮಾದರಿ. ಘಾಟ್‌ಕೋಪರ್, ಸಾಯನ್ ಕಡೆಯ ಸಾರ್ವಜನಿಕ ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ಗಾಯಾಳು ಸೈಕಲ್ ಸವಾರನೆಂದು ಗೊತ್ತಾದ ಕೂಡಲೇ ನಾಲ್ಕು ಸಂಗತಿ ಬರೆದುಕೊಂಡರೆ ಸಾಕು: ತಾನಾಗಿ ಬಿದ್ದನೇ ಅಥವಾ ವಾಹನ ಬಡಿಯಿತೇ; ತಲೆ ತಾಗಿದ್ದು ಯಾವುದಕ್ಕೆ; ಹೆಲ್ಮೆಟ್ ಇತ್ತೇ, ಇದ್ದರೆ ಪಟ್ಟಿ ಬಿಗಿದಿತ್ತೇ; ಸೈಕಲ್ ಮೇಲೆ ಹೊರೆ ಎಷ್ಟಿತ್ತು. ತಲೆಗೆ ಪೆಟ್ಟಾಗದೆ ಕೈಕಾಲು ಮುರಿದುಕೊಂಡು ಬಂದವರಿಗೂ ಇದೇ ನಾಲ್ಕನ್ನು ಕೇಳಬೇಕು, ಹೋಲಿಕೆಯ ಗುಂಪು ಸಿಗುವುದು ಅವರಿಂದಲೇ.