ಕೊಬ್ಬರಿಗೆ ಗ್ರೇಡ್ ಇದೆ, ಕೋಚ್‌ಗೆ?

ತಿಪಟೂರಲ್ಲಿ ನ್ಯಾಫೆಡ್ ಖರೀದಿ ಶುರುವಾದಾಗ ಏನಾಗುತ್ತೆ ಅಂತ ನಮ್ಮ ಕಡೆಯವರಿಗೆ ಗೊತ್ತು. ಉಂಡೆ ಕೊಬ್ಬರಿ ಎಫ್‌ಎಕ್ಯೂ ಗುಣಮಟ್ಟಕ್ಕೆ ಬಂದ್ರೆ ಮಾತ್ರ ತೂಕ, ಇಲ್ಲಾಂದ್ರೆ ವಾಪಸ್. ನಾನು ಓದಿದ್ದು ಬಿ.ಕಾಂ. ಆ ಲೈನ್‌ನಲ್ಲೂ ಅಷ್ಟೇ, 1949ರ ಕಾಯ್ದೆ ಪ್ರಕಾರ ಸಂಸ್ಥೆಯ ಸದಸ್ಯತ್ವ ಇಲ್ಲದೆ ಯಾರೂ ‘ಸಿಎ’ ಅಂತ ಬೋರ್ಡ್ ಹಾಕೋ ಹಾಗಿಲ್ಲ. ಆದ್ರೆ ತುರುವೇಕೆರೆಯಲ್ಲೋ ಚಿಕ್ಕನಾಯಕನಹಳ್ಳಿಯಲ್ಲೋ ಯಾರಾದ್ರೂ ಕೊರಳಿಗೆ ವಿಸಲ್ ಹಾಕ್ಕೊಂಡು ‘ನಾನು ಅಥ್ಲೆಟಿಕ್ಸ್ ಕೋಚ್’ ಅಂದ್ರೆ? ತಡೆಯೋಕೆ ಅಂಥ ಕಾನೂನು ಇಲ್ಲ.

ಯಾಕೆ ಹೀಗಾಯ್ತು? ಸ್ವಲ್ಪ ಹಿಂದೆ ಹೋಗೋಣ.

1920ರಲ್ಲಿ ಹ್ಯಾರಿ ಬಕ್ ಮದ್ರಾಸಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರು ಮಾಡಿದ್ರು. ಅಲ್ಲಿ ತಯಾರಾಗ್ತಿದ್ದವರು ಶಾಲೆಗೆ ಬೇಕಾದ ಮೇಷ್ಟ್ರುಗಳು. ಒಂದೇ ಆಟವನ್ನ ಆಳವಾಗಿ ಕಲಿಸೋ ಕೋಚ್ ಅನ್ನೋ ವೃತ್ತಿಗೆ ಸರ್ಕಾರದ ಶಾಲೆ ಬಂದಿದ್ದು 1961ರಲ್ಲಿ, ಪಟಿಯಾಲದ ಮೋತಿಬಾಗ್ ಅರಮನೆಯಲ್ಲಿ. ಅದೇ ಎನ್‌ಐಎಸ್. ಹಾಕಿ ಮಾಂತ್ರಿಕ ಧ್ಯಾನ್‌ಚಂದ್ ಅಲ್ಲಿ ಪಾಠ ಮಾಡಿದ್ರು. ಮುಂದೆ ಬೆಂಗಳೂರಲ್ಲೂ ದಕ್ಷಿಣ ಕೇಂದ್ರ ಬಂತು.

ಆ ಡಿಪ್ಲೊಮಾದಿಂದ ಏನು ಬದಲಾಯ್ತು? ಒ.ಎಂ. ನಂಬಿಯಾರ್ ಅವರನ್ನೇ ನೋಡಿ. ವಾಯುಪಡೆಯಲ್ಲಿದ್ದವರು, ಪಟಿಯಾಲದಲ್ಲಿ ಕಲಿತು ಕೇರಳಕ್ಕೆ ಬಂದ್ರು. ಕಣ್ಣೂರಿನ ಕ್ರೀಡಾ ಶಾಲೆಯಲ್ಲಿ ಪಿ.ಟಿ. ಉಷಾ ಅನ್ನೋ ಹುಡುಗಿಯನ್ನ ತಯಾರು ಮಾಡಿದ್ರು. 1984ರ ಲಾಸ್ ಏಂಜಲೀಸ್‌ನಲ್ಲಿ ಉಷಾಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದಾಗ ಮೊದಲ ಸಾಲಲ್ಲೇ ನಂಬಿಯಾರ್ ಇದ್ರು. ಅಂದ್ರೆ ಓದಿದ ಕೋಚ್ ಊರಿನ ಹತ್ರ ಸಿಕ್ಕಿದ್ರೆ ಹಳ್ಳಿ ಹುಡುಗಿ ಎಲ್ಲಿಗೆ ಬೇಕಾದ್ರೂ ಓಡಬಹುದು.

ಇಲ್ಲೇ ದಾರಿ ಎರಡಾಯ್ತು. 1993ರ ಎನ್‌ಸಿಟಿಇ ಕಾಯ್ದೆ ಬಂದಮೇಲೆ ಪಿಟಿ ಮೇಷ್ಟ್ರ ಬಿ.ಪಿ.ಎಡ್. ಕೋರ್ಸಿಗೆ ಮಾನ್ಯತೆ ಕಡ್ಡಾಯವಾಯ್ತು. ಕೋಚ್‌ಗಳ ವಿಷಯ ಮಾತ್ರ ಆಯಾ ಆಟದ ಸಂಸ್ಥೆಗೆ ಉಳೀತು. ಫುಟ್‌ಬಾಲಲ್ಲಿ ಡಿ-ಯಿಂದ ಪ್ರೊವರೆಗೆ ಲೈಸೆನ್ಸ್ ಇದೆ, ಕ್ರಿಕೆಟ್‌ನಲ್ಲಿ ಲೆವೆಲ್‌ಗಳಿವೆ. ಅಥ್ಲೆಟಿಕ್ಸ್ ಒಕ್ಕೂಟ 2025ರಲ್ಲಿ ಎಲ್ಲ ಕೋಚ್‌ಗಳೂ, ಅರ್ಹತೆ ಇರಲಿ ಬಿಡಲಿ, ಹೆಸರು ನೋಂದಾಯಿಸಲೇಬೇಕು ಅಂತು. ಡೋಪಿಂಗ್ ಕಾಟವೇ ಅದಕ್ಕೆ ಕಾರಣ.

ಇದು ಬರೀ ಕಾಗದದ ಮಾತಲ್ಲ. ‘ಶಕ್ತಿ ಬರುತ್ತೆ’ ಅಂತ ಕೋಚ್ ಕೊಟ್ಟ ಪುಡಿಯಲ್ಲಿ ನಿಷೇಧಿತ ಮದ್ದು ಇದ್ರೆ, ಡೋಪಿಂಗ್ ನಿಯಮದಲ್ಲಿ ಮೊದಲ ಹೊಣೆ ಓಡಿದವರದ್ದೇ. ಹನ್ನೆರಡು ವರ್ಷದ ಮಗುವಿಗೆ ದೊಡ್ಡವರ ತೂಕ ಎತ್ತಿಸಿದ್ರೆ ನೋವು ತಿನ್ನೋದೂ ಆ ಮಗುವೇ.

ಹಾಗಂತ ಡಿಪ್ಲೊಮಾ ಇಲ್ಲದ ಮೇಷ್ಟ್ರನ್ನ ಹೀಗಳೆಯೋದು ತಪ್ಪು. ಹೋಬಳಿ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡೋ ಹುಡುಗಿಯನ್ನ ಮೊದಲು ಗುರುತಿಸೋರು ಅವರೇ. ಆದ್ರೆ ಕೆಲಸ ಬಿಟ್ಟು ಒಂದು ವರ್ಷ ಪಟಿಯಾಲಕ್ಕೆ ಹೋಗೋಕೆ ಅವರಿಗೆ ಆಗುತ್ತಾ? ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಇರೋದು ಇಂಥವರಿಗಾಗಿಯೇ. ಅದಕ್ಕೆ ರಜೆ, ಖರ್ಚು ಕೊಟ್ಟು ಕಳಿಸಿದ್ರೆ ತಾಲೂಕಿಗೊಬ್ಬ ಓದಿದ ಕೋಚ್ ಸಿಗೋದು ಕಷ್ಟವಲ್ಲ.

ಅಲ್ಲಿವರೆಗೆ ತಮ್ಮನನ್ನೋ ತಂಗಿಯನ್ನೋ ಅಕಾಡೆಮಿಗೆ ಸೇರಿಸೋ ಮುಂಚೆ ಮೂರು ಪ್ರಶ್ನೆ ಕೇಳಿ: ಎಲ್ಲಿ ಕಲಿತ್ರಿ? ಎಲ್ಲಿ ನೋಂದಣಿ ಆಗಿದೆ? ಮಕ್ಕಳಿಗೆ ಏನು ಕುಡಿಸ್ತೀರಿ? ಒಳ್ಳೆ ಕೋಚ್ ಬೇಜಾರು ಮಾಡ್ಕೊಳ್ಳಲ್ಲ.