ಕಣ್ಣಿಲ್ಲದ ಕಾರಿನ ಕೆಂಪು ದೀಪ

1982ರ ಸೆಪ್ಟೆಂಬರ್ 26ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ‘ನೈಟ್ ರೈಡರ್’ ಶುರುವಾಯಿತು. ಅದರ ನಾಯಕ ಡೇವಿಡ್ ಹ್ಯಾಸಲ್‌ಹಾಫ್ ಎಂದು ಹೆಸರುಪಟ್ಟಿ ಹೇಳುತ್ತಿತ್ತು. ನಾವು ನೋಡುತ್ತಿದ್ದದ್ದು ಮಾತ್ರ ಕಿಟ್ ಎಂಬ ಮಾತಾಡುವ ಕಾರನ್ನು. ಆ ಕರಿ ಪಾಂಟಿಯಾಕ್ ಫೈರ್‌ಬರ್ಡ್ ಟ್ರಾನ್ಸ್ ಆಮ್‌ನ ಮುಖದಲ್ಲಿ ಕಣ್ಣೇ ಇರಲಿಲ್ಲ. ಚೂಪು ಮೂತಿ, ಅದರ ತುದಿಯಲ್ಲೊಂದು ಕಪ್ಪು ಸೀಳು, ಆ ಸೀಳಿನೊಳಗೆ ಎಡಕ್ಕೂ ಬಲಕ್ಕೂ ಓಡಾಡುವ ಕೆಂಪು ದೀಪ, ಅಷ್ಟೆ.

ಹಾಸನದಿಂದ ಮಿಷಿಗನ್‌ಗೆ ಬಂದು, ಡೆಟ್ರಾಯಿಟ್‌ನ ಹೊರವಲಯದಲ್ಲಿ ಕಾರಿನ ಹೆಡ್‌ಲೈಟ್ ವಿನ್ಯಾಸ ಮಾಡುತ್ತಲೇ ನೌಕರಿ ಮುಗಿಸಿದವನು ನಾನು. ಬೇರೆಯವರು ಎಂಜಿನ್ ನೋಡುವಲ್ಲಿ ನಾನು ದೀಪ ನೋಡುತ್ತೇನೆ. ಆ ಮುಖಕ್ಕೆ ಕಣ್ಣಿಲ್ಲದಿರಲು ಕಾರಣ ಕಲಾವಿದನ ಕಲ್ಪನೆಯೊಂದೇ ಅಲ್ಲ, ಒಂದು ಹಳೆಯ ಕಾಯಿದೆ. 1940ರಿಂದ ಅಮೆರಿಕದ ಕಾರುಗಳೆಲ್ಲ ಒಂದೇ ಅಳತೆಯ, ಏಳು ಇಂಚಿನ ದುಂಡು ಸೀಲ್ಡ್ ಬೀಮ್ ದೀಪ ಹಾಕಿಕೊಳ್ಳಬೇಕಿತ್ತು. ಐವತ್ತರ ದಶಕದ ಕೊನೆಗೆ ನಾಲ್ಕು ಚಿಕ್ಕ ದುಂಡು ದೀಪಗಳಿಗೆ, ಎಪ್ಪತ್ತರ ದಶಕದ ನಡುವಿನಲ್ಲಿ ಆಯತಾಕಾರದ ದೀಪಕ್ಕೆ ಒಪ್ಪಿಗೆ ಸಿಕ್ಕಿತು. ಆಕಾರ, ಅಳತೆ ಎಲ್ಲ ಸರ್ಕಾರದ್ದೇ. ಗಾಳಿಯನ್ನು ಸೀಳುವ ತಗ್ಗು ಮೂತಿ ಬೇಕೆಂದವನಿಗೆ ಆ ದಪ್ಪ ಗಾಜನ್ನು ಇಡಲು ಜಾಗವೇ ಸಿಗುತ್ತಿರಲಿಲ್ಲ. ಹಾಗಾಗಿ ದೀಪಗಳನ್ನು ಮುಚ್ಚಳದಡಿ ಮಲಗಿಸಿ, ಕತ್ತಲಾದಾಗ ಮೋಟಾರಿನಿಂದ ಎಬ್ಬಿಸುವುದು ರೂಢಿಗೆ ಬಂತು. ನಿಯಮ ಸಡಿಲವಾದದ್ದು 1983ರಲ್ಲಿ. ಕಿಟ್ ಹುಟ್ಟಿದ್ದು ಅದಕ್ಕೆ ಒಂದು ವರ್ಷ ಮೊದಲು. ಧಾರಾವಾಹಿಯ ಜನಕ ಗ್ಲೆನ್ ಲಾರ್ಸನ್ ತಮ್ಮದೇ 1978ರ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ದ ಯಂತ್ರಮಾನವರ ಕೆಂಪು ಕಣ್ಣನ್ನು ಇಲ್ಲಿಗೂ ತಂದರು. ಅದಕ್ಕೆ ಬೇಕಾದ ಖಾಲಿ ಹಣೆಯನ್ನು ಕಾಯಿದೆಯೇ ಸಿದ್ಧಮಾಡಿ ಇಟ್ಟಿತ್ತು.

ಶಕ್ತಿಯ ವಿಷಯದಲ್ಲಿ ಆ ಟ್ರಾನ್ಸ್ ಆಮ್ ಬಡಪಾಯಿ. 1964ರಲ್ಲಿ ಪಾಂಟಿಯಾಕ್‌ನವರೇ ಸಾಧಾರಣ ಗಾತ್ರದ ಟೆಂಪೆಸ್ಟ್ ಕಾರಿಗೆ 6.4 ಲೀಟರಿನ ಎಂಜಿನ್ ತುಂಬಿ, ಜಿಟಿಒ ಎಂದು ಹೆಸರಿಟ್ಟು ಮಸಲ್ ಕಾರುಗಳ ಹುಚ್ಚು ಹಚ್ಚಿದ್ದರು. ಆಮೇಲೆ ವಿಮೆಯ ಕಂತು ಏರಿತು, ಹೊಗೆಯ ಕಾನೂನು ಬಂತು, 1973ರಲ್ಲಿ ಅರಬ್ ದೇಶಗಳು ತೈಲ ತಡೆದವು. 1982ರ ಟ್ರಾನ್ಸ್ ಆಮ್‌ನ 5 ಲೀಟರ್ ಎಂಜಿನ್ ಕೊಡುತ್ತಿದ್ದದ್ದು ಹೆಚ್ಚೆಂದರೆ 165 ಅಶ್ವಶಕ್ತಿ. ಆದರೆ ಅದು ಆ ವರ್ಷವಷ್ಟೇ ಬಂದ ಹೊಚ್ಚಹೊಸ ಮೈಕಟ್ಟು. ನೋಡುಗರಿಗೆ ಅದು ಎರಡು ಸಾವಿರನೇ ಇಸವಿಯಿಂದ ಬಂದದ್ದೆಂದು ನಂಬಲು ಕಷ್ಟವಾಗಲಿಲ್ಲ.

ಎರಡು ಸಾವಿರನೇ ಇಸವಿ ನಿಜವಾಗಿ ಬಂದಾಗ ಡೆಟ್ರಾಯಿಟ್ ಹಿಂದಕ್ಕೆ ತಿರುಗಿ ನಿಂತಿತ್ತು. ಫೈರ್‌ಬರ್ಡ್, ಅದರ ಒಡಹುಟ್ಟು ಷೆವರ್ಲೆ ಕಮಾರೋ ಎರಡೂ 2002ರಲ್ಲಿ ನಿಂತುಹೋದವು. 2005ರ ಮಾದರಿಯಾಗಿ ಫೋರ್ಡ್ ತಂದ ಮಸ್ಟಾಂಗ್ ಅರವತ್ತರ ದಶಕದ ಮಸ್ಟಾಂಗನ್ನೇ ನೆನಪಿಸುತ್ತಿತ್ತು. ಅದರ ಮುಖ್ಯ ಎಂಜಿನಿಯರ್ ಹೌ ಥಾಯ್-ಟ್ಯಾಂಗ್, ಬಾಲ್ಯದಲ್ಲಿ ಸೈಗಾನ್ ಬಿಟ್ಟು ಬಂದ ವಿಯೆಟ್ನಾಂ ಹುಡುಗ. 2006ರ ಡೆಟ್ರಾಯಿಟ್ ಪ್ರದರ್ಶನದಲ್ಲಿ ಡಾಡ್ಜ್ ಚಾಲೆಂಜರ್ ಮತ್ತು ಕಮಾರೋ ಎರಡೂ ಹಳೆಯ ಮುಖ ಹೊತ್ತು ಪ್ರತ್ಯಕ್ಷವಾದವು. ಎನ್‌ಬಿಸಿ ‘ನೈಟ್ ರೈಡರ್’ ಕಥೆಯನ್ನು ಹೊಸದಾಗಿ ತಯಾರಿಸಿದ ಹೊತ್ತಿಗೆ, ಹೊಸ ಕಿಟ್ ಆಗಲು ಕಣದಲ್ಲಿದ್ದ ಅಮೆರಿಕನ್ ಮಸಲ್ ಕಾರುಗಳು ಈ ಮೂರೇ.

ಆಗಸ್ಟ್ ತಿಂಗಳ ಮೂರನೇ ಶನಿವಾರ ಇಲ್ಲಿನ ವುಡ್‌ವರ್ಡ್ ಅವೆನ್ಯೂವಿನಲ್ಲಿ ಹಳೆ ಕಾರುಗಳ ಜಾತ್ರೆ. ರಸ್ತೆಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತರೆ ಈ ಮೂವರೂ ಸಾಲಾಗಿ ಹಾದುಹೋಗುತ್ತಾರೆ. ಚಾಲೆಂಜರ್ ಗಂಭೀರ ಕಾರು. ನಾಲ್ಕು ದುಂಡು ದೀಪಗಳು ಆಳದಲ್ಲಿ ಕೂತು ಗುರಾಯಿಸುತ್ತವೆ. ಆದರೆ ಉದ್ದ ಐದು ಮೀಟರ್, ತೂಕ ಸುಮಾರು 1,880 ಕೆ.ಜಿ. ಸೆಡಾನಿನ ಅಡಿಪಾಯವನ್ನು ಸ್ವಲ್ಪ ಕತ್ತರಿಸಿ ಕಟ್ಟಿದ್ದು ಮೈಯಲ್ಲೇ ಕಾಣುತ್ತದೆ. ಪೊಲೀಸ್ ಕಾರಿನ ಎದುರಾಳಿಯಾಗಿ ಅದನ್ನು ನಿಲ್ಲಿಸಬಹುದು, ಯೋಚಿಸುವ ಯಂತ್ರವಾಗಿ ಅಲ್ಲ. ಮಸ್ಟಾಂಗ್‌ನದು ತೆರೆದ, ಸ್ನೇಹದ ಮುಖ. ಅಗಲಿಸಿದ ಕಣ್ಣು, ನೆಟ್ಟಗೆ ನಿಂತ ಗ್ರಿಲ್. ಕಮಾರೋ 1969ರ ಮಾದರಿಗೆ ಋಣಿಯಾದರೂ ಅದರ ದೀಪಗಳು ಹುಬ್ಬಿನ ನೆರಳಿನಡಿ ಗ್ರಿಲ್‌ನ ಕಪ್ಪು ಪಟ್ಟಿಯಲ್ಲೇ ಬೆರೆತುಹೋಗಿವೆ. ಸ್ವಲ್ಪ ದೂರದಿಂದ ಕಾಣುವುದು ಒಂದೇ ಸೀಳು. ಉದ್ದವೂ 4.84 ಮೀಟರ್, 1982ರ ಟ್ರಾನ್ಸ್ ಆಮ್‌ಗೆ ಹೆಚ್ಚುಕಡಿಮೆ ಸಮ. ರಕ್ತಸಂಬಂಧವೂ ಇದೆ. ನನ್ನ ಮತ ಕಮಾರೋಗೆ, ಅದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಕ್ಯಾಲೆಂಡರ್ ಬೇರೆಯೇ ಹೇಳುತ್ತಿತ್ತು. ಎನ್‌ಬಿಸಿ ಹೊಸ ಕಥೆಯ ಟೆಲಿಚಿತ್ರ ಪ್ರಸಾರ ಮಾಡಿದ್ದು 2008ರ ಫೆಬ್ರವರಿ 17ರಂದು. ಚಾಲೆಂಜರ್‌ನ ಮಾರಾಟದ ರೂಪ ಷಿಕಾಗೋ ಪ್ರದರ್ಶನದಲ್ಲಿ ಹೊರಬಿದ್ದದ್ದೇ ಅದೇ ತಿಂಗಳು. ಕಮಾರೋ ಅಂಗಡಿಗೆ ಬರಲು ಇನ್ನೂ ಒಂದು ವರ್ಷವಿತ್ತು. ಮೇಲಾಗಿ ಅದು 2007ರಲ್ಲೇ ‘ಟ್ರಾನ್ಸ್‌ಫಾರ್ಮರ್ಸ್’ ಸಿನಿಮಾದ ಹಳದಿ ಬಂಬಲ್‌ಬೀ ಆಗಿ ಜಗತ್ತಿಗೆ ಪರಿಚಯವಾಗಿತ್ತು. ಪಾತ್ರ ಸಿಕ್ಕಿದ್ದು ಫೋರ್ಡಿನ ಮಸ್ಟಾಂಗ್ ಷೆಲ್ಬಿ ಜಿಟಿ500ಕೆಆರ್‌ಗೆ: 5.4 ಲೀಟರ್ ಸೂಪರ್‌ಚಾರ್ಜ್ಡ್ ಎಂಜಿನ್, 540 ಅಶ್ವಶಕ್ತಿ. ಹಳೆಯ ಕಿಟ್‌ನ ಮೂರು ಪಟ್ಟಿಗೂ ಜಾಸ್ತಿ. ಕಂಪನಿಗಳ ಪೈಪೋಟಿ ಎಷ್ಟಿತ್ತೆಂದರೆ, ಕಾರಿನ ದನಿಗೆಂದು ಮೊದಲು ಗೊತ್ತಾಗಿದ್ದ ವಿಲ್ ಆರ್ನೆಟ್ ಹಿಂದೆ ಸರಿಯಬೇಕಾಯಿತು. ಅವರು ಜನರಲ್ ಮೋಟಾರ್ಸ್‌ನ ಜಿಎಂಸಿ ಟ್ರಕ್ಕುಗಳ ಜಾಹೀರಾತಿಗೆ ದನಿ ಕೊಡುತ್ತಿದ್ದರು, ಫೋರ್ಡಿನೊಳಗೆ ಆ ದನಿ ಕೇಳುವುದು ಅಲ್ಲಿ ಯಾರಿಗೂ ಬೇಕಿರಲಿಲ್ಲ. ಕೊನೆಗೆ ದನಿಯಾದವರು ವಾಲ್ ಕಿಲ್ಮರ್.

ನನ್ನ ಕಸುಬಿನ ದೃಷ್ಟಿಯಲ್ಲಿ ಆ ಕಾರು ಸೋತದ್ದು ಕೆಂಪು ದೀಪದಲ್ಲಿ. ಮಸ್ಟಾಂಗ್‌ನ ಮುಖದಲ್ಲಿ ಆಗಲೇ ಎರಡು ಕಣ್ಣು, ಒಂದು ಬಾಯಿ ಇದ್ದವು. ಮೂರನೆಯದಕ್ಕೆ ಜಾಗವಿಲ್ಲದೆ ಕೆಂಪು ದೀಪವನ್ನು ಬಾನೆಟ್‌ನ ಎರಡು ಗಾಳಿಕಿಂಡಿಗಳಲ್ಲಿ ಕೂರಿಸಿದರು. ಒಂದಾಗಿ ಹರಿಯುತ್ತಿದ್ದ ನೋಟ ಅಲ್ಲಿ ಎರಡು ತುಂಡಾಯಿತು. 2008ರಲ್ಲಿ ದೀಪಕ್ಕೆ ಯಾವ ಆಕಾರ ಕೊಡಲೂ ಕಾನೂನಿನ ಅಡ್ಡಿ ಇರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ನೋಯಿಸುವುದು. ಹಿಂದಿನವರು ಗತ್ಯಂತರವಿಲ್ಲದೆ ಹಾಕಿದ ದುಂಡು ದೀಪವನ್ನು ಇವರು ಬಯಸಿ ಹಾಕಿಕೊಂಡರು.

ಟೆಲಿಚಿತ್ರದ ಬೆನ್ನಿಗೆ ಬಂದ ಸರಣಿ 17 ಕಂತುಗಳಿಗೆ, 2009ರ ಮಾರ್ಚ್‌ನಲ್ಲಿ ಮುಗಿಯಿತು. ಅದೇ ವಸಂತದಲ್ಲಿ ಕಮಾರೋ ಮಾರಾಟಕ್ಕೆ ಬಂತು, ಏಪ್ರಿಲ್ 27ರಂದು ಪಾಂಟಿಯಾಕ್ ಹೆಸರನ್ನೇ ಕೈಬಿಡುವುದಾಗಿ ಜನರಲ್ ಮೋಟಾರ್ಸ್ ಘೋಷಿಸಿತು. 1969ರ ಕಮಾರೋ ಆರ್‌ಎಸ್‌ನಲ್ಲಿ ಹೆಡ್‌ಲೈಟ್‌ಗಳನ್ನು ಮುಚ್ಚುವ ಪುಟ್ಟ ಬಾಗಿಲುಗಳಿದ್ದವು. ಹೊಸ ಕಮಾರೋ ರೂಪಿಸಿದವರು ಹಳೆಯದರಿಂದ ಅಷ್ಟೆಲ್ಲ ತೆಗೆದುಕೊಂಡು ಅದೊಂದನ್ನು ಬಿಟ್ಟರು. ಆ ಬಾಗಿಲುಗಳೂ ಬಂದಿದ್ದರೆ ಮೂತಿಯ ಈ ತುದಿಯಿಂದ ಆ ತುದಿಯವರೆಗೆ ಕೆಂಪು ದೀಪಕ್ಕೆ ಜಾಗ ಸಿಗುತ್ತಿತ್ತು.