ಗೆದ್ದ ಮೇಲಿನ ಪರೀಕ್ಷೆ: ಅಹ್ಮದ್ ಷಾ ಮಸೂದ್

ಸೋವಿಯತ್ ಸೇನೆಯನ್ನು ಎದುರಿಸಿದ ಅಫ್ಘಾನ್ ಸೇನಾನಿಗಳ ಶೌರ್ಯವನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಗೆದ್ದ ಮೇಲೆ ಅವರು ಏನು ಮಾಡಿದರೆಂಬುದನ್ನು ಮಾತ್ರ ಅಷ್ಟಾಗಿ ಮಾತಾಡುವುದಿಲ್ಲ. ಪಾಠವಿರುವುದು ಅಲ್ಲಿಯೇ.

ಅಹ್ಮದ್ ಷಾ ಮಸೂದ್ 1953ರಲ್ಲಿ ಪಂಜ್‌ಶೀರ್ ಕಣಿವೆಯಲ್ಲಿ, ಸೇನಾಧಿಕಾರಿಯೊಬ್ಬರ ಮಗನಾಗಿ ಹುಟ್ಟಿದರು. ಕಾಬೂಲಿನ ಪಾಲಿಟೆಕ್ನಿಕ್‌ನಲ್ಲಿ ಓದುವಾಗಲೇ ಇಸ್ಲಾಮೀ ವಿದ್ಯಾರ್ಥಿ ಚಳವಳಿ ಸೇರಿದರು. 1979ರ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ದೇಶಕ್ಕೆ ನುಗ್ಗಿತು. ಅದು ಪಂಜ್‌ಶೀರ್ ಮೇಲೆ ಮತ್ತೆ ಮತ್ತೆ ದೊಡ್ಡ ದಾಳಿ ನಡೆಸಿದರೂ ಮಸೂದ್ ಬಗ್ಗಲಿಲ್ಲ. 1984ರ ದಾಳಿಗೆ ಮುನ್ನ ಕಣಿವೆಯ ಜನರನ್ನು ಬೇರೆಡೆಗೆ ಸಾಗಿಸಿದರು. 1989ರ ಫೆಬ್ರವರಿ 15ರಂದು ಸೋವಿಯತ್ ಸೇನೆಯ ವಾಪಸಾತಿ ಪೂರ್ಣಗೊಂಡಿತು.

1992ರ ಏಪ್ರಿಲ್‌ನಲ್ಲಿ ಕಾಬೂಲ್ ಮುಜಾಹಿದರ ಕೈಸೇರಿತು. ಮಸೂದ್ ರಕ್ಷಣಾ ಸಚಿವರಾದರು. ಆದರೆ ಪರಕೀಯರನ್ನು ಓಡಿಸಿದ ಬಂದೂಕುಗಳು ಪರಸ್ಪರರತ್ತ ತಿರುಗಿದವು. ಗುಲ್ಬುದ್ದೀನ್ ಹಿಕ್ಮತ್ಯಾರ್ ಪಡೆ ನಗರದ ಮೇಲೆ ರಾಕೆಟ್‌ಗಳ ಮಳೆಗರೆಯಿತು. 1993ರ ಫೆಬ್ರವರಿಯಲ್ಲಿ ಅಫ್ಶಾರ್ ಬಡಾವಣೆಗೆ ನುಗ್ಗಿದ ಮಸೂದ್ ಮತ್ತು ಸಯ್ಯಾಫ್ ಪಕ್ಷದ ಪಡೆಗಳು ಹಝಾರಾ ನಾಗರಿಕರ ಮೇಲೆ ನಡೆಸಿದ ಕೊಲೆ, ಅತ್ಯಾಚಾರಗಳನ್ನು ಮಾನವ ಹಕ್ಕು ಸಂಘಟನೆಗಳು ದಾಖಲಿಸಿವೆ. ಮಾರ್ಚ್‌ನಲ್ಲಿ ಇಸ್ಲಾಮಾಬಾದಿನಲ್ಲಿ ಒಪ್ಪಂದವಾಯಿತು. ನಾಯಕರು ಪವಿತ್ರ ಮಕ್ಕಾಕ್ಕೂ ತೆರಳಿ ಅದನ್ನು ದೃಢಪಡಿಸಿದರು. ಆದರೂ ಕಾಳಗ ನಿಲ್ಲಲಿಲ್ಲ. ಅಲ್ಲಾಹನ ಭವನವಿರುವ ನಗರದಲ್ಲಿ ಕೊಟ್ಟ ಮಾತೂ ಉಳಿಯಲಿಲ್ಲವೆಂದರೆ, ಅಧಿಕಾರದಾಸೆ ಎಷ್ಟು ಪ್ರಬಲವೆಂದು ನಾವು ಯೋಚಿಸಬೇಕು.

ಸೋವಿಯತ್ ಯುದ್ಧದ ಕಾಲದಲ್ಲೂ ಉಳಿದುಕೊಂಡಿದ್ದ ಕಾಬೂಲಿನ ಬಹುಭಾಗ ಈ ಅಂತಃಕಲಹದಲ್ಲಿ ಪಾಳುಬಿತ್ತು. ಬೇಸತ್ತ ದೇಶದಲ್ಲಿ ತಾಲಿಬಾನ್ ಬೆಳೆಯಿತು. 1996ರ ಸೆಪ್ಟೆಂಬರ್‌ನಲ್ಲಿ ರಾಜಧಾನಿಯನ್ನು ವಶಪಡಿಸಿಕೊಂಡಿತು. ಮಸೂದ್ ಮತ್ತೆ ಪಂಜ್‌ಶೀರ್‌ಗೆ ಹಿಮ್ಮೆಟ್ಟಿ, ಉತ್ತರದಲ್ಲಿ ಪ್ರತಿರೋಧ ಮುಂದುವರಿಸಿದರು.

2001ರ ಸೆಪ್ಟೆಂಬರ್ 9ರಂದು ತಖಾರ್ ಪ್ರಾಂತ್ಯದ ಖ್ವಾಜಾ ಬಹಾವುದ್ದೀನ್‌ನಲ್ಲಿ ಇಬ್ಬರು ಅರಬರು ಸಂದರ್ಶನಕ್ಕೆ ಬಂದರು. ಪತ್ರಕರ್ತರ ವೇಷದಲ್ಲಿದ್ದ ಅವರು ಅಲ್‌ಖಾಯಿದಾ ಕಳಿಸಿದ ಹಂತಕರು. ಅಡಗಿಸಿ ತಂದಿದ್ದ ಬಾಂಬು ಸಿಡಿಯಿತು. ಮಸೂದ್ ಪ್ರಾಣ ಬಿಟ್ಟರು. ಅತಿಥಿಯಾಗಿ ಬಂದು ಆತಿಥೇಯನನ್ನು ಕೊಲ್ಲುವುದು ವಂಚನೆಯೇ ಹೊರತು ಹೋರಾಟವಲ್ಲ.

ಮಸೂದರನ್ನು ಕೆಲವರು ವೀರನೆಂದು ಎತ್ತಿಹಿಡಿಯುತ್ತಾರೆ. ಅಫ್ಶಾರಿನ ವಿಧವೆಯರು ಹಾಗೆನ್ನಲಾರರು. ಎರಡನ್ನೂ ಒಟ್ಟಿಗೆ ಹೇಳುವುದೇ ನ್ಯಾಯ. ವಿಶ್ವಾಸಿಗಳ ಎರಡು ಗುಂಪುಗಳು ಕಾದಾಡಿದಾಗ ನ್ಯಾಯದಿಂದ ಸಂಧಾನ ಮಾಡಿಸಬೇಕೆಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸುತ್ತದೆ. ಕಾಬೂಲಿನಲ್ಲಿ ಕೊರತೆಯಾದದ್ದು ಧೈರ್ಯವಲ್ಲ, ಈ ನ್ಯಾಯ. ನಮ್ಮ ಮೊಹಲ್ಲಾದ ಸಣ್ಣ ಜಗಳಗಳಲ್ಲಾದರೂ ಅದನ್ನು ಪಾಲಿಸಲು ಅಲ್ಲಾಹನು ನಮಗೆ ಅನುಗ್ರಹಿಸಲಿ.